ಜಪ್ತಿ ಎಂದ ಕೂಡಲೇ ಹೊಲ ಹೋಗುವುದಿಲ್ಲ

ಬೈಲಹೊಂಗಲ ಉಪವಿಭಾಗದ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದಂಥ ತಾಲೂಕುಗಳಲ್ಲಿ, ರೈತನ ಮನೆಯೊಂದರಲ್ಲೇ ಮೂರು ಬಗೆಯ ಸಾಲ ಇರಬಹುದು: ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘವಾದ ಪಿಕೆಪಿಎಸ್‌ನ ಬೆಳೆಸಾಲ, ಪೇಟೆಯ ಪತ್ತಿನ ಸೊಸೈಟಿಯ ಸಾಲ, ಟ್ರ್ಯಾಕ್ಟರಿಗೆ ಖಾಸಗಿ ಫೈನಾನ್ಸು. ಕಂತು ತಪ್ಪಿದ ಮೇಲೆ ‘ಮಧ್ಯಸ್ಥಗಾರರು ಜಪ್ತಿ ಆದೇಶ ಮಾಡಿದ್ದಾರೆ’ ಎಂಬ ಕಾಗದ ಬಂದರೆ, ಹೊಲ ಹೋಯಿತೆಂದು ಎದೆ ಒಡೆದುಕೊಳ್ಳುವವರಿದ್ದಾರೆ. ಕೋರ್ಟಿನದಲ್ಲವಲ್ಲ ಎಂದು ಅದನ್ನು ಮಡಚಿಡುವವರೂ ಇದ್ದಾರೆ. ಮಡಚಿಡುವವರೇ ಹೆಚ್ಚು ಕೆಡುತ್ತಾರೆ.

ಮೊದಲು ಖಾಸಗಿ ಫೈನಾನ್ಸಿನ ಮಾತು. ಸಾಲದ ಕರಾರಿನಲ್ಲಿ ತಂಟೆಯನ್ನು ಮಧ್ಯಸ್ಥಗಾರನಿಗೆ ಒಪ್ಪಿಸುವ ಷರತ್ತು ಇದ್ದರೆ 1996ರ ಮಧ್ಯಸ್ಥಿಕೆ ಕಾಯ್ದೆ ಅನ್ವಯಿಸುತ್ತದೆ. ಅದರ 17ನೇ ಕಲಮಿನಡಿ, ವಿಚಾರಣೆ ನಡೆದಿರುವಾಗಲೇ ವಾದದ ಹಣಕ್ಕೆ ಭದ್ರತೆ ಒದಗಿಸುವಂತೆ ಮಧ್ಯಸ್ಥಗಾರ ಮಧ್ಯಂತರ ಆದೇಶ ಮಾಡಬಹುದು. ಆಸ್ತಿ ಪರಭಾರೆ ಮಾಡದಂತೆ ತಡೆಯಬಹುದು, ರಿಸೀವರ್ ನೇಮಿಸಬಹುದು. 2015ರ ತಿದ್ದುಪಡಿಯ ತನಕ ಇಂಥ ಆದೇಶಕ್ಕೆ ಹಲ್ಲಿರಲಿಲ್ಲ. ಈಗ ಅದು ಕೋರ್ಟಿನ ಆದೇಶದಂತೆಯೇ ಜಾರಿಯಾಗುತ್ತದೆ. ಆದರೆ ಜಾರಿ ಮಾಡಿಸುವುದು ಸಿವಿಲ್ ಕೋರ್ಟೇ. ಮಧ್ಯಸ್ಥಗಾರನ ಬಳಿ ಬೇಲಿಫ್ ಇಲ್ಲ, ಪೊಲೀಸರಿಲ್ಲ. ಫೈನಾನ್ಸಿನ ನಾಲ್ಕು ಹುಡುಗರು ಆದೇಶದ ಝೆರಾಕ್ಸ್ ಹಿಡಿದು ಅಂಗಳಕ್ಕೆ ಬಂದರೆ ಅದು ಜಪ್ತಿಯಲ್ಲ, ದಬ್ಬಾಳಿಕೆ.

ತೀರ್ಪಿಗೆ ಮುಂಚಿನ ಜಪ್ತಿಗೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮವೇ ಅಳತೆಗೋಲು. ಸಾಲಗಾರ ಬಾಕಿದಾರ ಎಂದಷ್ಟೇ ತೋರಿಸಿದರೆ ಸಾಲದು. ಮುಂದಿನ ತೀರ್ಪು ತಪ್ಪಿಸಲೆಂದೇ ಆಸ್ತಿ ಮಾರಲು ಅಥವಾ ಸಾಗಿಸಲು ಹೊರಟಿದ್ದಾನೆ ಎಂದು ತೋರಿಸಬೇಕು. ಇದು ಅಪರೂಪಕ್ಕೆ ಬಳಸಬೇಕಾದ ಕಠಿಣ ಅಧಿಕಾರ ಎಂದು ಸುಪ್ರೀಂ ಕೋರ್ಟು 2008ರ ರಾಮನ್ ಟೆಕ್ ಪ್ರಕರಣದಲ್ಲಿ ಹೇಳಿತು. ಮಧ್ಯಸ್ಥಿಕೆಗೆ ಸಂಬಂಧಿಸಿ ಕೋರ್ಟುಗಳೇ ಕೊಡುವ ಮಧ್ಯಂತರ ಪರಿಹಾರದಲ್ಲಿ ಈ ಅಳತೆ ಎಷ್ಟು ಬಿಗಿ ಎಂಬ ಬಗ್ಗೆ 2022ರ ಸೆಪ್ಟೆಂಬರ್ ತಿಂಗಳೊಂದರಲ್ಲೇ ಬಂದ ಎರಡು ತೀರ್ಪುಗಳು, ಎಸ್ಸಾರ್ ಹೌಸ್ ಮತ್ತು ಸಂಘಿ ಇಂಡಸ್ಟ್ರೀಸ್, ಒಂದೇ ದನಿಯಲ್ಲಿ ಮಾತಾಡಿಲ್ಲ. ವಕೀಲರಿಗೆ ಇದು ಹಬ್ಬ.

ನಮ್ಮ ಭಾಗಕ್ಕೆ ಬೇಕಾದ ಮಾತು ಅದೇ 38ನೇ ಆದೇಶದ 12ನೇ ನಿಯಮದಲ್ಲಿದೆ: ರೈತನ ವಶದಲ್ಲಿರುವ ಕೃಷಿ ಉತ್ಪನ್ನವನ್ನು ತೀರ್ಪಿಗೆ ಮುಂಚೆ ಜಪ್ತಿ ಮಾಡುವಂತಿಲ್ಲ. ಬೈಲಹೊಂಗಲದ ಹತ್ತಿಯಾಗಲಿ, ಸವದತ್ತಿಯ ಜೋಳವಾಗಲಿ, ಮನೆಯಲ್ಲಿರುವಾಗ ಅದಕ್ಕೆ ಈ ರಕ್ಷಣೆ ಇದೆ. ಸಂಹಿತೆಯ 60ನೇ ಕಲಮು ಇನ್ನೂ ಮುಂದೆ ಹೋಗುತ್ತದೆ. ಅಡುಗೆ ಪಾತ್ರೆ, ಹಾಸಿಗೆ, ಹೆಂಗಸರು ಧರ್ಮದ ರೂಢಿಯಂತೆ ಬಿಟ್ಟಿರಲಾಗದ ಒಡವೆ, ರೈತ ತಾನೇ ವಾಸಿಸುವ ಮನೆ, ಬೇಸಾಯಕ್ಕೆ ಬೇಕಾದ ಎತ್ತು, ಬೀಜ, ಉಪಕರಣ, ಕುಶಲಕರ್ಮಿಯ ಸಲಕರಣೆ ಇವು ಜಪ್ತಿಗೆ ಸಿಗುವುದಿಲ್ಲ. ರಾಮದುರ್ಗದ ನೇಕಾರ ತನ್ನ ಕೈಮಗ್ಗದ ಬಗ್ಗೆ ಈ ಕಲಮನ್ನು ಮುಂದಿಡಬಹುದು. ಹೊಲಕ್ಕೆ ಮಾತ್ರ ಈ ವಿನಾಯಿತಿ ಇಲ್ಲ. ಸಾಲಕ್ಕೇ ಒತ್ತೆಯಾದ ಟ್ರ್ಯಾಕ್ಟರಿನ ಲೆಕ್ಕವೂ ಬೇರೆ.

ಜಪ್ತಿಯಾದರೂ ಹೊಲದ ಒಡೆತನ ಬದಲಾಗುವುದಿಲ್ಲ. ಅದನ್ನು ಮಾರುವ, ದಾನ ಕೊಡುವ ಕೈಯನ್ನಷ್ಟೇ ಕಟ್ಟುತ್ತದೆ. ಉತಾರದ 11ನೇ ಕಾಲಂನಲ್ಲಿ ಜಪ್ತಿಯ ನಮೂದು ಕೂತರೆ ಕೊಳ್ಳುವವರು ಹತ್ತಿರ ಬರುವುದಿಲ್ಲ. ಅಡಮಾನದ ಆಸ್ತಿಯನ್ನು ಹರಾಜಿಗೆ ತರುವ ಅಧಿಕಾರವಂತೂ ಖಾಸಗಿ ಮಧ್ಯಸ್ಥಗಾರನಿಗಿಲ್ಲ. ಅಡಮಾನ ಜಾರಿಯ ದಾವೆ ಸಿವಿಲ್ ಕೋರ್ಟಿನಲ್ಲೇ ನಡೆಯಬೇಕೆಂದು 2011ರ ಬೂಝ್ ಅಲೆನ್ ತೀರ್ಪು ಹೇಳಿದೆ.

ಸೊಸೈಟಿ ಸಾಲದ ದಾರಿ ಬೇರೆ. 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ತಂಟೆ ನಿಬಂಧಕರ ಮುಂದೆ ಹೋಗುತ್ತದೆ. ಅವರು ತಾವೇ ತೀರ್ಮಾನಿಸಬಹುದು, ಇಲ್ಲವೇ ಮಧ್ಯಸ್ಥಗಾರರಿಗೆ ಒಪ್ಪಿಸಬಹುದು. ಐತೀರ್ಪಿಗೆ, ಅಂದರೆ ಅವರ ಅಂತಿಮ ತೀರ್ಮಾನಕ್ಕೆ, ಮುಂಚೆ ಷರತ್ತಿನ ಜಪ್ತಿಗೂ ಆ ಕಾಯ್ದೆಯಲ್ಲಿ ಅವಕಾಶವಿದೆ, ಸಾಕಷ್ಟು ಭದ್ರತೆ ಕೊಟ್ಟರೆ ಅದು ತಪ್ಪುತ್ತದೆ. ಐತೀರ್ಪಾದ ಮೇಲೆ 101ನೇ ಕಲಮು ಬರುತ್ತದೆ. ಇಲ್ಲಿ ಸಹಕಾರ ಇಲಾಖೆಯೇ ಜಪ್ತಿ ಮಾಡಿ ಹರಾಜು ಹಾಕಬಲ್ಲದು. ಗಡಿಯಾಚೆಗೂ ವ್ಯವಹಾರ ಇರುವ ಬಹುರಾಜ್ಯ ಸೊಸೈಟಿಗಳಿಗೆ 2002ರ ಕೇಂದ್ರ ಕಾಯ್ದೆ. ಅಲ್ಲಿ ಐತೀರ್ಪಿಗೆ ಮುಂಚಿನ ಜಪ್ತಿಯ ಅಧಿಕಾರ ನೇರವಾಗಿ ಮಧ್ಯಸ್ಥಗಾರನಿಗೇ ಇದೆ. ಜಾಮೀನುದಾರನ ಆಸ್ತಿಯೂ ಸುರಕ್ಷಿತ ಎಂದು ತಿಳಿಯಬೇಡಿ. ಗೆಳೆಯನಿಗಾಗಿ ಸಹಿ ಹಾಕಿದವನೂ ಸಾಲಗಾರನಷ್ಟೇ ಹೊಣೆಗಾರ.

ಹಾಗಾಗಿ ಕಾಗದ ಬಂದಾಗ ಯಾವ ಕಾಯ್ದೆ, ಯಾರು ನೇಮಿಸಿದ ಮಧ್ಯಸ್ಥಗಾರ ಎಂದು ನೋಡಿ. ಫೈನಾನ್ಸು ಕಂಪನಿ ಏಕಪಕ್ಷೀಯವಾಗಿ ತನ್ನವರನ್ನೇ ನೇಮಿಸಿದ್ದರೆ 2019ರ ಪರ್ಕಿನ್ಸ್ ಈಸ್ಟ್‌ಮನ್ ತೀರ್ಪಿನ ಬಲದಿಂದ ಆಕ್ಷೇಪಿಸಿ. ‘ಆಕ್ಷೇಪಣೆ ಇಲ್ಲ’ ಎಂಬ ಕಾಗದಕ್ಕೆ ಓದದೆ ಸಹಿ ಹಾಕಬೇಡಿ. ವಕೀಲರ ಖರ್ಚು ಭಾರವಾದರೆ ತಾಲೂಕು ಕಾನೂನು ಸೇವಾ ಸಮಿತಿ ಇದೆ, 15100ಕ್ಕೆ ಕರೆ ಮಾಡಬಹುದು. 1996ರ ಕಾಯ್ದೆಯ ಐತೀರ್ಪನ್ನು ಪ್ರಶ್ನಿಸಲು ಪ್ರತಿ ಕೈಸೇರಿದ ದಿನದಿಂದ ಮೂರು ತಿಂಗಳು ಗಡುವು. ಸಕಾರಣವಿದ್ದರೆ ಇನ್ನು 30 ದಿನ ಸಿಗಬಹುದು, ಆಮೇಲೆ ಒಂದು ದಿನವೂ ಇಲ್ಲ.