ಟವರಿನಿಂದ ಮನೆಗೆ: ಸಿಮ್ ರೂಟರನ್ನು ಆರಿಸುವ ಬಗೆ

ಕಳೆದ ಬೇಸಗೆಯ ರಜೆಯಲ್ಲಿ ತೀರ್ಥಹಳ್ಳಿಯ ಕಡೆ ಇರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅಡಕೆ ತೋಟದ ನಡುವಿನ ಹೆಂಚಿನ ಮನೆ. ಮೂರು ಕಡೆ ಗುಡ್ಡ. ಜಗಲಿಯ ಗೂಡಿನಲ್ಲಿ ಹೊಸದೊಂದು ಬಿಳಿಯ ಪೆಟ್ಟಿಗೆ ಕೆಂಪು ದೀಪವನ್ನು ಮಿನುಗಿಸುತ್ತ ಕುಳಿತಿತ್ತು. ಅಕ್ಕನ ಮಗಳು ಆ ವರ್ಷ ದ್ವಿತೀಯ ಪಿ.ಯು.ಸಿ.ಗೆ ಕಾಲಿಡುವವಳು. ಸಿ.ಇ.ಟಿ. ಪಾಠಗಳನ್ನು ಅವಳು ಮನೆಯಲ್ಲಿಯೇ ಕುಳಿತು ಕೇಳಲಿ ಎಂದು ಭಾವನವರು ಅಡಕೆ ಮಾರಿದ ಹಣದಲ್ಲಿ ಎಂಟು ಸಾವಿರ ರೂಪಾಯಿ ಕೊಟ್ಟು, ಐದನೆಯ ಪೀಳಿಗೆಯ ಅತಿ ವೇಗದ್ದೆಂಬ ಆ ರೂಟರನ್ನು ತಂದಿದ್ದರು. ಆದರೂ ಸಂಜೆಯಾದೊಡನೆ ಹುಡುಗಿ ಫೋನನ್ನು ಹಿಡಿದು ಮನೆಯ ಹಿಂದಿನ ಗುಡ್ಡವನ್ನು ಹತ್ತುವುದು ತಪ್ಪಿರಲಿಲ್ಲ. "ಮಾವ, ಈ ಪೆಟ್ಟಿಗೆ ಕೆಟ್ಟಿದೆಯಾ?" ಎಂದು ಅವಳು ನನ್ನನ್ನು ಕೇಳಿದಳು.

ಪೆಟ್ಟಿಗೆ ಕೆಟ್ಟಿರಲಿಲ್ಲ. ಅದನ್ನು ಆರಿಸಿದ ಕ್ರಮ ತಲೆಕೆಳಗಾಗಿತ್ತು. ಮೊದಲು ಪೆಟ್ಟಿಗೆ, ಬಳಿಕ ಸಿಮ್, ಕೊನೆಗೆ ಅದನ್ನಿಡುವ ಸ್ಥಳ ಎಂಬ ಕ್ರಮವನ್ನು ಭಾವನವರು ಅನುಸರಿಸಿದ್ದರು. ಭೌತಶಾಸ್ತ್ರ ಹೇಳುವುದು ಇದಕ್ಕೆ ವಿರುದ್ಧವಾದ ಕ್ರಮವನ್ನು: ಮೊದಲು ಸ್ಥಳ, ಬಳಿಕ ಸಿಮ್, ಕೊನೆಗೆ ಪೆಟ್ಟಿಗೆ. ಇದು ಏಕೆಂಬುದನ್ನು ವಿಚಾರಿಸೋಣ.

೨೦೨೦ರಲ್ಲಿ ಶಾಲೆ ಕಾಲೇಜುಗಳು ಮುಚ್ಚಿದಾಗ ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಅನೇಕ ವಿದ್ಯಾರ್ಥಿಗಳು ಗುಡ್ಡದ ಮೇಲೆ ಟಾರ್ಪಾಲು ಕಟ್ಟಿಕೊಂಡು ಪಾಠ ಕೇಳಿದುದು ವಾಚಕರಿಗೆ ನೆನಪಿರಬಹುದು. ಅಂದಿನಿಂದ ಅಂತರ್ಜಾಲವು ಪಠ್ಯಪುಸ್ತಕದಷ್ಟೇ ಅಗತ್ಯವಾದ ವಸ್ತುವಾಗಿದೆ. ಮನೆಯ ಬಾಗಿಲಿಗೆ ಗಾಜಿನ ತಂತಿ, ಎಂದರೆ ಫೈಬರ್, ಬರುವಂತಿದ್ದರೆ ಅದೇ ಉತ್ತಮ. ಅಲ್ಲಿ ಈ ಲೇಖನದ ಅಗತ್ಯವಿಲ್ಲ. ಅದು ಬಾರದ ಊರುಗಳಲ್ಲಿಯೂ, ಬಾಡಿಗೆ ಕೋಣೆಗಳಲ್ಲಿಯೂ, ಮೊದಲೇ ಹಣ ತುಂಬಿಸಿ ಬಳಸುವ ಪ್ರಿಪೇಯ್ಡ್ ಸಿಮ್ ಹಾಗೂ ಅದನ್ನು ಹಾಕಿಕೊಳ್ಳುವ ರೂಟರು ಮನೆಯ ಆಸರೆಯಾಗುತ್ತವೆ.

ಒಂದು ಪೆಟ್ಟಿಗೆ, ಎರಡು ರೇಡಿಯೊ

ಸಿಮ್ ರೂಟರಿನೊಳಗೆ ಎರಡು ರೇಡಿಯೊಗಳಿವೆ. ಒಂದು ಕೆಲವು ಕಿಲೋಮೀಟರು ದೂರದ ಟವರಿನೊಡನೆ ಮಾತನಾಡುತ್ತದೆ. ಇನ್ನೊಂದು ವೈಫೈ ಮೂಲಕ ಮನೆಯೊಳಗಿನ ಫೋನು, ಲ್ಯಾಪ್‌ಟಾಪುಗಳೊಡನೆ ಮಾತನಾಡುತ್ತದೆ. ಎರಡನೆಯ ಮಾತು ಎಷ್ಟೇ ಗಟ್ಟಿಯಾಗಿದ್ದರೂ ಮೊದಲನೆಯದು ಕ್ಷೀಣವಾಗಿದ್ದರೆ ಪ್ರಯೋಜನವಿಲ್ಲ. ಫೋನಿನಲ್ಲಿ ವೈಫೈ ಗುರುತು ಪೂರ್ಣವಾಗಿ ತುಂಬಿದ್ದರೂ ಪಾಠದ ಚಿತ್ರ ನಿಂತುನಿಂತು ಬರುವುದುಂಟು. ಬಾವಿಯಲ್ಲಿ ನೀರಿಲ್ಲದಿರುವಾಗ ಹಗ್ಗವನ್ನು ದೂರಿ ಫಲವೇನು?

ತರಂಗವೂ ಗುಡ್ಡವೂ

ಟವರಿನಿಂದ ಬರುವುದು ವಿದ್ಯುತ್ಕಾಂತ ತರಂಗ. ಹೈನ್‌ರಿಖ್ ಹರ್ಟ್ಸ್ ೧೮೮೮ರ ವೇಳೆಗೆ ಪ್ರಯೋಗಶಾಲೆಯಲ್ಲಿ ತೋರಿಸಿಕೊಟ್ಟ, ನಮ್ಮವರೇ ಆದ ಜಗದೀಶಚಂದ್ರ ಬೋಸರು ೧೮೯೦ರ ದಶಕದಲ್ಲಿ ಕಲ್ಕತ್ತೆಯಲ್ಲಿ ಕೆಲವೇ ಮಿಲಿಮೀಟರುಗಳಷ್ಟು ಕಿರಿದಾಗಿಸಿ ಅಭ್ಯಸಿಸಿದ ತರಂಗಗಳ ಜಾತಿಯೇ ಇದು. ಬೆಳಕಿನ ವೇಗವಾದ ಸೆಕೆಂಡಿಗೆ ೩೦ ಕೋಟಿ ಮೀಟರನ್ನು ಆವೃತ್ತಿಯಿಂದ ಭಾಗಿಸಿದರೆ ತರಂಗದೂರ ದೊರೆಯುತ್ತದೆ. ನಮ್ಮ ದೇಶದ ಕಂಪನಿಗಳು ಬಳಸುವ ೯೦೦ ಮೆಗಾಹರ್ಟ್ಸಿನ ತರಂಗದೂರ ಸುಮಾರು ೩೩ ಸೆಂಟಿಮೀಟರ್, ೧೮೦೦ಕ್ಕೆ ೧೭, ೨೩೦೦ಕ್ಕೆ ೧೩, ಐದನೆಯ ಪೀಳಿಗೆಯಲ್ಲಿ ಬಳಕೆಯಾಗುವ ೩೫೦೦ರ ಸುತ್ತಿನದಕ್ಕೆ ೯ಕ್ಕೂ ಕಡಮೆ.

ಉದ್ದನೆಯ ತರಂಗವು ಗುಡ್ಡದ ನೆತ್ತಿಯ ಬಳಿ ಹೆಚ್ಚಾಗಿ ಬಾಗಿ ಆಚೆಗಿಳಿಯುತ್ತದೆ. ಗೋಡೆಯನ್ನೂ ಎಲೆಗಳನ್ನೂ ಕಡಮೆ ನಷ್ಟದಿಂದ ದಾಟುತ್ತದೆ. ಕಿರಿದಾದುದು ಬೆಳಕಿನಂತೆ ನೇರ ದಾರಿಯನ್ನೇ ಹೆಚ್ಚು ನೆಚ್ಚಿರುತ್ತದೆ. ಹಾಗಾದರೆ ಕಿರಿದಾದುದನ್ನು ಬಳಸುವುದೇಕೆ ಎಂದು ವಾಚಕರು ಕೇಳಬಹುದು. ಮೇಲಿನ ಆವೃತ್ತಿಗಳಲ್ಲಿ ಸ್ಥಳ ವಿಶಾಲವಾಗಿದೆ. ನಾಲ್ಕನೆಯ ಪೀಳಿಗೆಯ ಒಂದು ಪಥದ ಅಗಲ ೨೦ ಮೆಗಾಹರ್ಟ್ಸನ್ನು ಮೀರದು; ೩೫೦೦ರ ಸುತ್ತಿನ ಐದನೆಯ ಪೀಳಿಗೆಯ ಪಥ ೧೦೦ ಮೆಗಾಹರ್ಟ್ಸಿನವರೆಗೂ ಇರಬಲ್ಲುದು. ಪಥದ ಅಗಲ ಹೆಚ್ಚಿದಷ್ಟೂ, ಗದ್ದಲಕ್ಕಿಂತ ಸಂಕೇತ ಬಲವಾದಷ್ಟೂ, ಸೆಕೆಂಡಿಗೆ ಹೆಚ್ಚು ಮಾಹಿತಿಯನ್ನು ಕಳುಹಿಸಬಹುದೆಂಬುದನ್ನು ೧೯೪೮ರಲ್ಲಿ ಕ್ಲಾಡ್ ಶ್ಯಾನನ್ ಗಣಿತದಿಂದ ಸಾಧಿಸಿದನು. ಟವರು ಕಣ್ಣಿಗೆ ಕಾಣುವ ಪಟ್ಟಣದಲ್ಲಿ ಅಗಲವಾದ ಪಥ ವರವೇ ಸರಿ. ಗುಡ್ಡದ ಮರೆಯ ಮನೆಗೆ ಆ ಪಥ ತಲುಪುವುದೇ ಇಲ್ಲ.

ಅಳೆದು ನೋಡುವುದು

ಊಹೆಗಿಂತ ಅಳತೆ ಮೇಲು. ಅಳೆಯುವ ಉಪಕರಣವೂ ನಮ್ಮ ಕೈಯಲ್ಲಿಯೇ ಇದೆ. ಹೆಚ್ಚಿನ ಆಂಡ್ರಾಯ್ಡ್ ಫೋನುಗಳ ಸೆಟ್ಟಿಂಗ್ಸಿನಲ್ಲಿ ಸಿಮ್ ಸ್ಥಿತಿಯನ್ನು ತೋರಿಸುವ ಪುಟವೊಂದಿದ್ದು, ಅಲ್ಲಿ ಸಂಕೇತದ ಬಲವನ್ನು ಡಿ.ಬಿ.ಎಂ. ಎಂಬ ಮಾನದಲ್ಲಿ ಕೊಟ್ಟಿರುತ್ತಾರೆ. ಸೊನ್ನೆ ಡಿ.ಬಿ.ಎಂ. ಎಂದರೆ ಒಂದು ಮಿಲಿವಾಟ್. ಅಲ್ಲಿಂದ ಹತ್ತು ಇಳಿದಾಗಲೆಲ್ಲ ಸಾಮರ್ಥ್ಯ ಹತ್ತನೆಯ ಒಂದು ಪಾಲಾಗುತ್ತದೆ. ಋಣ ೧೦೦ ಎಂದರೆ ಒಂದು ಮಿಲಿವಾಟಿನ ಸಾವಿರ ಕೋಟಿಯಲ್ಲೊಂದು ಪಾಲು! ಇಷ್ಟು ಅಲ್ಪವಾದುದನ್ನು ಹಿಡಿದು ಪಾಠದ ಚಿತ್ರವನ್ನು ಮೂಡಿಸುವುದು ಸಾಮಾನ್ಯ ಸಾಧನೆಯಲ್ಲ. ನಾಲ್ಕನೆಯ ಪೀಳಿಗೆಯ ಜಾಲದಲ್ಲಿ ಋಣ ೮೦ರ ಸುತ್ತ ಇದ್ದರೆ ಉತ್ತಮ, ಋಣ ೧೦೦ರ ಸುತ್ತ ಸಾಧಾರಣ, ಋಣ ೧೧೦ಕ್ಕಿಂತ ಕೆಳಗಾದರೆ ದುರ್ಬಲ ಎಂದು ಸ್ಥೂಲವಾಗಿ ತಿಳಿಯಬಹುದು.

ನಾವು ಹೀಗೆಯೇ ಅಳೆದೆವು. ಆ ಪೆಟ್ಟಿಗೆಯ ಸಿಮ್ಮಿಗೆ ಮನೆಯ ಯಾವ ಮೂಲೆಯಲ್ಲಿಯೂ ಋಣ ೧೧೫ಕ್ಕಿಂತ ಮೇಲೆ ಬರಲಿಲ್ಲ. ಆ ಕಂಪನಿಯ ಟವರು ಗುಡ್ಡದ ಆಚೆಗಿತ್ತು. ಅಕ್ಕನ ಫೋನಿನಲ್ಲಿದ್ದ ಬೇರೆ ಕಂಪನಿಯ ಸಿಮ್ಮು ಜಗಲಿಯಲ್ಲಿ ಋಣ ೧೧೬ ತೋರಿಸಿತು. ಅದನ್ನೇ ಅಟ್ಟದ ಮೂಡಣ ಕಿಟಕಿಯ ಬಳಿಗೆ ಒಯ್ದಾಗ ಋಣ ೯೬! ಇಪ್ಪತ್ತು ಡೆಸಿಬೆಲ್ ಎಂದರೆ ನೂರು ಪಟ್ಟು. ಒಂದು ಏಣಿಯನ್ನು ಹತ್ತಿದ ಮಾತ್ರಕ್ಕೆ, ಕಾಸು ಖರ್ಚಿಲ್ಲದೆ, ಸಂಕೇತ ನೂರ್ಮಡಿಯಾಯಿತು.

ಇಲ್ಲೊಂದು ಎಚ್ಚರಿಕೆ. ಒಂದು ಟವರನ್ನು ಊರಿನವರೆಲ್ಲ ಹಂಚಿಕೊಳ್ಳುವುದರಿಂದ ನಡುಹಗಲಿನ ವೇಗವನ್ನು ನಂಬಿ ಮೋಸಹೋಗಬಾರದು. ರಾತ್ರಿ ಎಂಟರಿಂದ ಹತ್ತರವರೆಗೆ ಎಲ್ಲರೂ ಫೋನು ಹಿಡಿದಿರುವಾಗಲೂ ಒಮ್ಮೆ ವೇಗವನ್ನು ಪರೀಕ್ಷಿಸಬೇಕು.

ಪೆಟ್ಟಿಗೆಯ ಲಕ್ಷಣಗಳು

ಸ್ಥಳವೂ ಸಿಮ್ಮೂ ನಿಶ್ಚಯವಾದ ಬಳಿಕ ಅಂಗಡಿಗೆ ಹೋಗಬಹುದು. ಅಲ್ಲಿ ಕೇಳಬೇಕಾದ ಪ್ರಶ್ನೆಗಳು ನಾಲ್ಕು.

ಮೊದಲನೆಯದು, ಎಲ್ಲ ಕಂಪನಿಗಳ ಸಿಮ್ಮನ್ನೂ ಇದು ಒಪ್ಪುವುದೆ? ಒಂದೇ ಕಂಪನಿಗೆ ಬೀಗ ಹಾಕಿದ ಪೆಟ್ಟಿಗೆಗಳು ಅಗ್ಗವಾಗಿ ಕಂಡರೂ ನಾಳೆ ಸಿಮ್ ಬದಲಾಯಿಸಲು ಬಾರವು. ಭಾವನವರು ತಂದದ್ದು ಅಂತಹುದೇ.

ಎರಡನೆಯದು, ನಮ್ಮ ಊರಿನ ಟವರಿನ ಆವೃತ್ತಿ ಇದಕ್ಕೆ ತಿಳಿಯುವುದೆ? ಪೆಟ್ಟಿಗೆಯ ವಿವರಗಳಲ್ಲಿ ಬ್ಯಾಂಡುಗಳ ಸಂಖ್ಯೆಯನ್ನು ಮುದ್ರಿಸಿರುತ್ತಾರೆ. ೩ ಎಂದರೆ ೧೮೦೦ ಮೆಗಾಹರ್ಟ್ಸ್. ೫ ಎಂದರೆ ೮೫೦. ೮ ಎಂದರೆ ೯೦೦. ೪೦ ಎಂದರೆ ೨೩೦೦. ಹೊರದೇಶಕ್ಕೆಂದು ತಯಾರಾದ ಪೆಟ್ಟಿಗೆಗಳಲ್ಲಿ ಇವುಗಳಲ್ಲಿ ಕೆಲವು ಇಲ್ಲದಿರುವುದುಂಟು.

ಮೂರನೆಯದು, ಹೊರಗಿನ ಆಂಟೆನಾವನ್ನು ಜೋಡಿಸಲು ಎಡೆಯಿದೆಯೆ? ಗುಡ್ಡಗಾಡಿನಲ್ಲಿ ಇದು ವೇಗದ ಜಾಹೀರಾತಿಗಿಂತ ಮುಖ್ಯ. ನಾಲ್ಕನೆಯ ವರ್ಗದ್ದೆನ್ನುವ ಸಾಧಾರಣ ರೂಟರಿನ ಮಿತಿ ಸೆಕೆಂಡಿಗೆ ೧೫೦ ಮೆಗಾಬಿಟ್. ಎಂಟು ಬಿಟ್ಟುಗಳಿಗೆ ಒಂದು ಬೈಟು. ಎಂದರೆ ೧೯ ಮೆಗಾಬೈಟಿಗೂ ಕಡಮೆ. ಹಳ್ಳಿಯ ಟವರು ಅಷ್ಟನ್ನೂ ಕೊಡುವುದು ಅಪರೂಪ. ಆದುದರಿಂದ ಇನ್ನೂ ಹೆಚ್ಚಿನ ಅಂಕೆಗಾಗಿ ಹಣ ತೆರುವುದು ವ್ಯರ್ಥ.

ನಾಲ್ಕನೆಯದು, ಕರೆಂಟು ಹೋದಾಗ ಗತಿಯೇನು? ಜೇಬಿನಲ್ಲಿ ಹಿಡಿಸುವ ರೂಟರಿಗೆ ತನ್ನದೇ ಬ್ಯಾಟರಿ ಇದೆ. ಹಾಸ್ಟೆಲಿನ ಒಂಟಿ ವಿದ್ಯಾರ್ಥಿಗೆ ಅದು ಸಾಕು. ಮನೆಯವರೆಲ್ಲ ಬಳಸುವುದಾದರೆ ಗೋಡೆಯ ಕರೆಂಟಿನ ದೊಡ್ಡ ರೂಟರನ್ನು ಕೊಂಡು, ಅದರ ವೋಲ್ಟೇಜಿಗೆ ಹೊಂದುವ ಪುಟ್ಟ ಯು.ಪಿ.ಎಸ್. ಒಂದನ್ನು ಜೊತೆಗಿಡುವುದು ಲೇಸು. ಮಳೆ ಬಂದರೆ ಸಿಗ್ನಲ್ ಹೋಗುತ್ತದೆಂದು ಜನ ಹೇಳುತ್ತಾರೆ. ಈ ತರಂಗದೂರಗಳಲ್ಲಿ ಮಳೆಹನಿಗಳಿಂದಾಗುವ ನಷ್ಟ ಅತ್ಯಲ್ಪ. ಟವರಿಗೋ ಮನೆಗೋ ಕರೆಂಟು ತಪ್ಪುವುದು ಇದಕ್ಕಿಂತ ದೊಡ್ಡ ಕಾರಣ.

ರೀಚಾರ್ಜಿನ ಲೆಕ್ಕ

ಪೆಟ್ಟಿಗೆಯ ಬೆಲೆಯನ್ನು ಒಮ್ಮೆ ಕೊಡುತ್ತೇವೆ. ರೀಚಾರ್ಜಿನ ಹಣವನ್ನು ಸದಾ ಕೊಡುತ್ತಿರುತ್ತೇವೆ. ಸಾಧಾರಣ ಸ್ಪಷ್ಟತೆಯ ವಿಡಿಯೊ ಒಂದು ಗಂಟೆಗೆ ಸುಮಾರು ಒಂದು ಗಿಗಾಬೈಟನ್ನು ನುಂಗುತ್ತದೆ. ಹೆಚ್ಚಿನ ಸ್ಪಷ್ಟತೆಯದು ಮೂರನ್ನು ನುಂಗಬಹುದು. ಹುಡುಗಿಯ ಎರಡು ಗಂಟೆಯ ಪಾಠಕ್ಕೇ ಎರಡು ಗಿಗಾಬೈಟು. ದಿನಕ್ಕೆ ಒಂದೂವರೆ ಗಿಗಾಬೈಟಿನ ಯೋಜನೆ ಪಾಠ ಮುಗಿಯುವ ಮುನ್ನವೇ ಬರಿದಾಗುತ್ತದೆ. ಮಿತಿ ಮುಗಿದ ಬಳಿಕ ಹಲವು ಯೋಜನೆಗಳಲ್ಲಿ ವೇಗ ಸೆಕೆಂಡಿಗೆ ೬೪ ಕಿಲೋಬಿಟ್ಟಿಗೆ, ಎಂದರೆ ೮ ಕಿಲೋಬೈಟಿಗೆ, ಇಳಿಯುತ್ತದೆ. ಆಗ ಒಂದು ಮೆಗಾಬೈಟಿನ ಒಂದೇ ಚಿತ್ರ ಬರಲು ೧೨೫ ಸೆಕೆಂಡು ಬೇಕು! ಇನ್ನೊಂದು ಮಾತು: ೨೮ ದಿನಗಳ ಯೋಜನೆಯನ್ನು ತಿಂಗಳ ಯೋಜನೆಯೆಂದು ಭ್ರಮಿಸಬಾರದು. ವರ್ಷಕ್ಕೆ ಅಂತಹವು ಹನ್ನೆರಡಲ್ಲ, ಹದಿಮೂರು ಬೇಕು. ಫೋನಿಗೆಂದು ಕೊಟ್ಟ ಯೋಜನೆಯನ್ನು ರೂಟರಿನಲ್ಲಿ ಬಳಸಲು ಒಪ್ಪಿಗೆಯಿದೆಯೇ ಎಂಬುದನ್ನೂ ಹಣ ತುಂಬುವ ಮೊದಲೇ ಕೇಳಿ ತಿಳಿಯಬೇಕು.

ಕಡೆಗೆ ನಾವು ಮಾಡಿದ್ದಿಷ್ಟು. ಎಲ್ಲ ಸಿಮ್ಮನ್ನೂ ಒಪ್ಪುವ, ಆಂಟೆನಾಗಳುಳ್ಳ, ನಾಲ್ಕನೆಯ ಪೀಳಿಗೆಯ ಸಾಧಾರಣ ರೂಟರೊಂದನ್ನು ಮೂರು ಸಾವಿರದೊಳಗೆ ತಂದು ಅಟ್ಟದ ಕಿಟಕಿಯಲ್ಲಿಟ್ಟೆವು. ಅದರ ಪೂರ್ವದತ್ತ ಗುಪ್ತಪದವನ್ನು ಮೊದಲ ದಿನವೇ ಬದಲಾಯಿಸಿದೆವು. ಮರದ ಹಲಗೆಯ ಅಟ್ಟವಾದುದರಿಂದ ವೈಫೈ ಕೆಳಗಿನ ಕೋಣೆಗೆ ಸುಲಭವಾಗಿ ಇಳಿಯಿತು. ವೇಗ ಸೆಕೆಂಡಿಗೆ ಹನ್ನೆರಡು ಮೆಗಾಬಿಟ್ಟಿನ ಆಸುಪಾಸು. ಬೆರಗಾಗುವಂತಹುದೇನಲ್ಲ, ಪಾಠಕ್ಕೆ ಧಾರಾಳ. ಮೊದಲಿನ ಪೆಟ್ಟಿಗೆಯನ್ನು ಶಿವಮೊಗ್ಗದಲ್ಲಿರುವ ಭಾವನವರ ತಮ್ಮ ಅರ್ಧ ಬೆಲೆಗೆ ಕೊಂಡರು. ಟವರಿಗೆದುರಾಗಿರುವ ಅವರ ಮನೆಯಲ್ಲಿ ಅದೇ ಪೆಟ್ಟಿಗೆ ಸೊಗಸಾಗಿ ಕೆಲಸ ಮಾಡುತ್ತಿದೆ.

ಓದುಗ ಮಿತ್ರರು ಒಂದು ಭಾನುವಾರ ಮನೆಯ ನಕ್ಷೆಯನ್ನು ಬರೆದು, ಪ್ರತಿ ಕೋಣೆಯಲ್ಲಿಯೂ ಕಿಟಕಿಯಲ್ಲಿಯೂ ಫೋನು ತೋರಿಸುವ ಡಿ.ಬಿ.ಎಂ. ಅಂಕೆಯನ್ನು ಗುರುತಿಸಿ ನೋಡಲಿ. ಖರ್ಚಿಲ್ಲದ ಪ್ರಯೋಗವಿದು. ಮನೆಯ ಹಿರಿಯರು ಹಣವನ್ನು ಕೈಯಲ್ಲಿ ಹಿಡಿದು ಅಂಗಡಿಗೆ ಹೊರಡುವ ಮುನ್ನ ಆ ಹಾಳೆಯನ್ನು ಅವರ ಮುಂದಿಡಲಿ. ಅಕ್ಕನ ಮಗಳು ಬರೆದ ಅಂತಹ ನಕ್ಷೆ ಇಂದಿಗೂ ಅವರ ಜಗಲಿಯ ಗೋಡೆಯ ಮೇಲಿದೆ. ಈಗ ಅವಳು ಗುಡ್ಡ ಹತ್ತುವುದು ಗಾಳಿ ಸೇವನೆಗೆ ಮಾತ್ರ.