ಹಳೆಯ ಹ್ಯಾಮ್ ಟ್ರಾನ್ಸ್‌ಮಿಟರಿಗೆ ಶ್ರುತಿ ಕೂಡಿಸುವುದು

ರೇಡಿಯೋ ಕೇಳುವವರು ಅನೇಕ ಮನೆಗಳಲ್ಲಿ ಉಂಟು. ಮನೆಯಿಂದಲೇ ರೇಡಿಯೋದಲ್ಲಿ ಮಾತನಾಡುವವರು ವಿರಳ. ಇವರೇ ಹವ್ಯಾಸಿ ರೇಡಿಯೋ ಚಾಲಕರು, ಅಂದರೆ ಹ್ಯಾಮ್‌ಗಳು. ಮನೆಯ ಟ್ರಾನ್ಸ್‌ಮಿಟರ್ ನಮ್ಮ ನಾಡಿಗೆ ಹೊಸದಲ್ಲ. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ 30 ವ್ಯಾಟ್ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಆರಂಭಿಸಿದರು. ‘ಆಕಾಶವಾಣಿ’ ಎಂಬ ಹೆಸರು ಆ ಪುಟ್ಟ ಕೇಂದ್ರದ್ದೇ.

ಇಂದಿನ ಹ್ಯಾಮ್ ಯಂತ್ರಗಳು ತಮ್ಮಷ್ಟಕ್ಕೆ ತಾವೇ ಹೊಂದಿಕೊಳ್ಳುತ್ತವೆ. ವಾಲ್ವಿನ ಹಳೆಯ ಎ.ಎಂ. ಪೆಟ್ಟಿಗೆ ಹಾಗಲ್ಲ. ಹ್ಯಾಮ್‌ಗಳ ಅಚ್ಚುಮೆಚ್ಚಿನ 807 ವಾಲ್ವನ್ನೇ ತೆಗೆದುಕೊಳ್ಳಿ. ಅದರ ನೆತ್ತಿಯ ಮೇಲಿನ ಲೋಹದ ಟೋಪಿಯಲ್ಲಿ 600 ವೋಲ್ಟ್ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕಂಡೆನ್ಸರುಗಳಲ್ಲಿ ಪ್ರಾಣ ತೆಗೆಯುವಷ್ಟು ವಿದ್ಯುತ್ ಉಳಿದಿರಬಹುದು. ಪ್ಲಗ್ ಕಿತ್ತು, ಅವಾಹಕ ಹಿಡಿಯ ಕೋಲಿನಿಂದ ಅದನ್ನು ನೆಲಕ್ಕಿಳಿಸಿ, ಮೀಟರಿನಲ್ಲಿ ಸೊನ್ನೆ ಕಂಡ ಮೇಲೆಯೇ ಒಳಗೆ ಕೈಹಾಕಬೇಕು. ಅನುಭವಿ ಹ್ಯಾಮ್ ಪಕ್ಕದಲ್ಲಿಲ್ಲದೆ ವಿದ್ಯಾರ್ಥಿಗಳು ಇದನ್ನು ಮುಟ್ಟಲೇಬಾರದು.

ಮೊದಲು ಆಂಟೆನಾ ತೆಗೆದು, ಬದಲಿಗೆ ಕೃತಕ ಭಾರವೊಂದನ್ನು ಜೋಡಿಸುತ್ತಾರೆ. 40 ವ್ಯಾಟಿನ ಹಳೆಯ ಬಲ್ಬ್ ಆದರೂ ಸಾಕು, ಹೊರಬರುವ ಶಕ್ತಿ ಕಣ್ಣಿಗೇ ಕಾಣುತ್ತದೆ. ಆಮೇಲೆ ಪ್ಲೇಟ್ ಕರೆಂಟಿನ ಮೀಟರ್ ನೋಡುತ್ತ ಟ್ಯೂನಿಂಗ್ ಕಂಡೆನ್ಸರನ್ನು ತಿರುಗಿಸಬೇಕು. ಒಂದು ಜಾಗದಲ್ಲಿ ಮುಳ್ಳು ತಟ್ಟನೆ ಕೆಳಗಿಳಿಯುತ್ತದೆ. ಅದೇ ಅನುರಣನ: ಮಂಡಲದ ಪ್ರತಿರೋಧ ಅಲ್ಲಿ ಗರಿಷ್ಠ, ಆದ್ದರಿಂದ ಕರೆಂಟು ಕನಿಷ್ಠ. ಈ ಕೆಲಸ ಬೇಗ ಆಗಬೇಕು. ಅನುರಣನ ತಪ್ಪಿದ್ದರೆ ಪ್ಲೇಟ್ ಕೆಂಪಗೆ ಕಾಯುತ್ತದೆ.

ಮುಳ್ಳು ಇಳಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಇಳಿತ ತೀರ ಆಳವಾಗಿದ್ದರೆ ಶಕ್ತಿ ಹೊರಗೆ ಹೋಗುತ್ತಿಲ್ಲ ಎಂದರ್ಥ. ಲೋಡಿಂಗ್ ಕಂಡೆನ್ಸರನ್ನು ತುಸು ತೆರೆದರೆ ಕರೆಂಟು ಏರುತ್ತದೆ, ಜೊತೆಗೆ ಶ್ರುತಿಯೂ ಕದಲುತ್ತದೆ. ತಂಬೂರಿಯ ಒಂದು ತಂತಿ ಬಿಗಿದರೆ ಇನ್ನೊಂದು ಜಾರುವ ಹಾಗೆ! ಇಳಿತದಲ್ಲಿ 100 ಮಿಲಿಆಂಪಿಯರ್ ನಿಲ್ಲುವವರೆಗೂ ಎರಡನ್ನೂ ಸರದಿಯಂತೆ ತಿದ್ದಬೇಕು.

ಈಗ 600 ವೋಲ್ಟಿಗೆ 100 ಮಿಲಿಆಂಪಿಯರ್, ಅಂದರೆ 60 ವ್ಯಾಟ್ ಒಳಗೆ ಹೋಗುತ್ತಿದೆ. ಇದರ ಮೇಲೆ ದನಿಯನ್ನು ಪೂರ್ಣವಾಗಿ ಹೊರಿಸಲು ಮಾಡ್ಯುಲೇಟರ್ ಅರ್ಧದಷ್ಟು, ಎಂದರೆ 30 ವ್ಯಾಟ್ ಕೊಡಬೇಕು. ಆಗ ಪ್ಲೇಟ್ ವೋಲ್ಟೇಜ್ ಸೊನ್ನೆಯಿಂದ 1200ರವರೆಗೆ ತೂಗಾಡುತ್ತದೆ. ಮೈಕನ್ನು ಇನ್ನೂ ಜೋರು ಮಾಡಿದರೆ ದೂರಕ್ಕೆ ಕೇಳಿಸೀತು ಎಂಬುದು ಬರೀ ಭ್ರಮೆ. ವಾಹಕ ಅಲೆಯೇ ನಡುನಡುವೆ ತುಂಡಾಗಿ, ಅದರ ಚೂರುಗಳು ಅಕ್ಕಪಕ್ಕದ ಆವರ್ತನಗಳಲ್ಲಿ ಮಾತನಾಡುವವರ ಮೇಲೆ ಸಿಡಿಯುತ್ತವೆ. ಹದ ಗುರುತಿಸಲು ಆಸಿಲೋಸ್ಕೋಪ್ ಒಳ್ಳೆಯದು. ಅದರಲ್ಲಿ ಕಾಣುವ ತ್ರಾಪಿಜ್ಯ ಚೂಪಾಗಿ ತ್ರಿಕೋನವಾದರೆ ನೂರಕ್ಕೆ ನೂರು. ಅದಕ್ಕಿಂತ ಸ್ವಲ್ಪ ಹಿಂದೆಯೇ ನಿಲ್ಲುವುದು ಜಾಣತನ.

ಇನ್ನು ಆಂಟೆನಾ. 7.1 ಮೆಗಾಹರ್ಟ್ಸ್‌ಗೆ ಅರ್ಧ ಅಲೆಯ ತಂತಿ ಸುಮಾರು 20 ಮೀಟರ್, ಎಂದರೆ 66 ಅಡಿ. ಗಿರಿನಗರದಲ್ಲಿ 30×40 ಅಡಿಯ ನಿವೇಶನವಿದ್ದರೆ ಪೈಥಾಗೊರಸ್ ಪ್ರಕಾರ ಕರ್ಣವೇ 50 ಅಡಿ! ಆದ್ದರಿಂದ ತಾರಸಿಯ ನಡುವೆ ಕಂಬ ನಿಲ್ಲಿಸಿ, ತಂತಿಯ ಎರಡು ತೋಳುಗಳನ್ನೂ ಇಳಿಜಾರಾಗಿ ಕಟ್ಟುತ್ತಾರೆ. ಬೀದಿಯ ವಿದ್ಯುತ್ ತಂತಿಗಳಿಂದ ಇದು ದೂರವಿರಬೇಕು. ತುದಿಗಳು ಯಾರ ಕೈಗೂ ಎಟುಕಬಾರದು, ಪ್ರಸಾರದ ವೇಳೆ ಹೆಚ್ಚು ವೋಲ್ಟೇಜ್ ಇರುವುದು ಅಲ್ಲಿಯೇ. ಪಕ್ಕದ ಮನೆಯ ಟಿವಿಯಲ್ಲಿ ನಿಮ್ಮ ದನಿ ಗೊಗ್ಗರಾಗಿ ಕೇಳಿದರೆ (ಟಿವಿಯವನಾಗಿ ನಾನು ಇದನ್ನು ಹೇಳಲೇಬೇಕು) ಪ್ರಸಾರ ನಿಲ್ಲಿಸಿ ಕಾರಣ ಹುಡುಕಿ.

ಬಲ್ಬ್ ತೆಗೆದು ಆಂಟೆನಾ ಜೋಡಿಸಿದ ಮೇಲೆ ಲೋಡಿಂಗನ್ನು ಮತ್ತೊಮ್ಮೆ ತಿದ್ದಬೇಕಾಗುತ್ತದೆ. ಲೈಸೆನ್ಸ್ ಪಡೆದ ಚಾಲಕರು ಆ ಆವರ್ತನದಲ್ಲಿ ಬೇರಾರೂ ಇಲ್ಲವೆಂದು ಮೊದಲು ಕಿವಿಗೊಟ್ಟು ಕೇಳಿ, ಆಮೇಲಷ್ಟೇ ‘ವಿ.ಯು.’ ಎಂದು ಶುರುವಾಗುವ ತಮ್ಮ ಕರೆಸಂಕೇತ ಹೇಳುತ್ತಾರೆ.