ಅಮ್ಮನ ಹಪ್ಪಳಕ್ಕೆ ನನ್ನ ವೆಬ್‌ಸೈಟ್ ಬೇಕಾಗಲಿಲ್ಲ

ಎರಡನೇ ಸೆಮಿಸ್ಟರ್ ಮುಗಿಸಿ ಮನೆಗೆ ಬಂದಾಗ ನನ್ನ ತಲೆಯಲ್ಲಿ ಕೋಡಿಂಗ್ ಬಿಟ್ಟರೆ ಬೇರೇನೂ ಇರಲಿಲ್ಲ. ಅದು 2024ರ ಬೇಸಿಗೆ. ಅಂಗಳದ ಚಾಪೆ ತುಂಬ ಹಲಸಿನ ಹಪ್ಪಳ. ಅಮ್ಮ ಮತ್ತು ಪಕ್ಕದ ಮನೆಯ ಇಬ್ಬರು ಅಕ್ಕಂದಿರು ಸೊಳೆ ಬೇಯಿಸಿ, ರುಬ್ಬಿ, ಉಂಡೆ ಕಟ್ಟಿ, ಮಣೆಯಲ್ಲಿ ಒತ್ತುತ್ತಿದ್ದರು. ಪ್ರತಿ ವರ್ಷ ನೆಂಟರಿಗೆ, ಪರಿಚಯದವರಿಗೆ ಹಂಚಿ ಮುಗಿಯುವ ಹಪ್ಪಳ ಅದು. ‘ಇದನ್ನು ಆನ್‌ಲೈನಲ್ಲಿ ಮಾರುವ ಅಮ್ಮ’ ಎಂದೆ. ಹದಿನೈದು ದಿನ ಕೂತು ವೆಬ್‌ಸೈಟ್ ಮಾಡಿದೆ. ಲಾಗಿನ್, ಕಾರ್ಟ್, ಮೊಬೈಲಿಗೊಂದು ನೋಟ, ಲ್ಯಾಪ್‌ಟಾಪಿಗೊಂದು ನೋಟ, ಎಲ್ಲವೂ ಇತ್ತು.

ಅಮ್ಮ ನೋಡಿ ಕೇಳಿದ್ದು ಒಂದೇ ಮಾತು. ‘ಇದೆಂತ ಮಾರಾಯ, ಅಂಗಡಿಯ ಒಳಗೆ ಹೋಗ್ಲಿಕ್ಕೆ ಇಷ್ಟು ಬಾಗಿಲಾ?’

ಒಂದು ತಿಂಗಳಲ್ಲಿ ಬಂದ ಆರ್ಡರ್ ಎರಡು. ಒಂದು ನನ್ನ ರೂಮ್‌ಮೇಟ್‌ನದು. ಇನ್ನೊಂದು, ಸೈಟ್ ಕೆಲಸ ಮಾಡುತ್ತದಾ ಎಂದು ನೋಡಲು ನಾನೇ ಹಾಕಿದ್ದು. ಅದೇ ತಿಂಗಳು ಅಮ್ಮ ತಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಚಾಪೆಯ ಫೋಟೊ ಹಾಕಿದರು. ಮೂರು ದಿನದಲ್ಲಿ ಒಂಬತ್ತು ಜನ ‘ನಮಗೂ ಬೇಕು’ ಎಂದರು.

ಅಮ್ಮನಿಗೆ ಗೊತ್ತಿದ್ದದ್ದು ನನಗೆ ಗೊತ್ತಿರಲಿಲ್ಲ. ನಮ್ಮ ಜಿಲ್ಲೆಯಲ್ಲಿ ಈ ದಾರಿ ಹೊಸತಲ್ಲ. 2021ರ ಲಾಕ್‌ಡೌನ್ ಹೊತ್ತಿನಲ್ಲಿ ಬಾಳೆಕಾಯಿಗೆ ಬೆಲೆ ಇಲ್ಲದಾಗ ‘ಬಾಕಾಹು’, ಅಂದರೆ ಬಾಳೆಕಾಯಿ ಹುಡಿ, ಹುಟ್ಟಿ ಹಬ್ಬಿದ್ದು ವಾಟ್ಸ್‌ಆ್ಯಪ್ ಗುಂಪುಗಳಲ್ಲೇ. ಪುತ್ತೂರಿನ ‘ಅಡಿಕೆ ಪತ್ರಿಕೆ’ಯ ಶ್ರೀಪಡ್ರೆಯವರು ಅದಕ್ಕೆ ಬೆನ್ನೆಲುಬಾಗಿದ್ದರು. ಹುಡಿಯಿಂದ ದೋಸೆ, ಗುಲಾಬ್ ಜಾಮೂನು ಮಾಡಿ ಫೋಟೊ ಹಾಕಿದ ದಕ್ಷಿಣ ಕನ್ನಡ, ಉತ್ತರ ಕನ್ನಡದ ಗೃಹಿಣಿಯರ ವಿಷಯ ಆ ವರ್ಷ ಜುಲೈಯ ‘ಮನ್ ಕಿ ಬಾತ್’ನಲ್ಲೂ ಬಂತು. ಅವರಲ್ಲಿ ಹೆಚ್ಚಿನವರ ಬಂಡವಾಳ ಫೋನು ಮತ್ತು ಪರಿಚಯ, ಅಷ್ಟೇ.

ಸರಿ, ನಾನೂ ವೆಬ್‌ಸೈಟ್ ಬದಿಗಿಟ್ಟೆ. ಮನೆಯಲ್ಲಿದ್ದ ಎರಡನೇ ಸಿಮ್‌ಗೆ ವಾಟ್ಸ್‌ಆ್ಯಪ್ ಬಿಸಿನೆಸ್ ಹಾಕಿಕೊಟ್ಟೆ. 2018ರಲ್ಲಿ ಬಂದ ಈ ಆ್ಯಪ್‌ಗೆ ಹಣ ಕೊಡಬೇಕಿಲ್ಲ. ಇದರ ಕ್ಯಾಟಲಾಗ್‌ನಲ್ಲಿ ಹಪ್ಪಳ, ಮಾಂಬಳ, ಪುನರ್ಪುಳಿ ಸಿಪ್ಪೆ, ಬಾಳಕ ಮೆಣಸು ಎಲ್ಲದಕ್ಕೂ ಫೋಟೊ ಮತ್ತು ಬೆಲೆ ಹಾಕಿಡಬಹುದು. ‘ಎಷ್ಟು ರೂಪಾಯಿ?’ ಎಂಬ ಪ್ರಶ್ನೆಗೆ ದಿನಕ್ಕೆ ಹತ್ತು ಸಲ ಬೆರಳು ಸವೆಸಬೇಕಿಲ್ಲ. ಕ್ವಿಕ್ ರಿಪ್ಲೈ ಇದೆ. ಓರೆಗೆರೆಯ ಮುಂದೆ ಒಂದು ಸಣ್ಣ ಪದ ಒತ್ತಿದರೆ ವಿಳಾಸ ಕೇಳುವ ಇಡೀ ಸಂದೇಶ ಬಂದು ಕೂರುತ್ತದೆ. ಅಮ್ಮನಿಗೆ ಎಲ್ಲಕ್ಕಿಂತ ಇಷ್ಟವಾದದ್ದು ಲೇಬಲ್. ಹಣ ಬಾಕಿ ಇರುವವರಿಗೆ ಒಂದು ಬಣ್ಣ, ಹಣ ಬಂದವರಿಗೆ ಇನ್ನೊಂದು, ಪಾರ್ಸೆಲ್ ಹೋದವರಿಗೆ ಮತ್ತೊಂದು. ಒಂದು ಸೂಕ್ಷ್ಮ ನೆನಪಿಡಿ: ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರನ್ನು ಸೇರಿಸಬಹುದಾದರೂ, ನಿಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ಆ ಸಂದೇಶ ತಲುಪುತ್ತದೆ. ಇದು ಗೊತ್ತಿಲ್ಲದೆ ‘ಯಾರೂ ಉತ್ತರಿಸುತ್ತಿಲ್ಲ’ ಎಂದು ಅಮ್ಮ ಒಂದು ವಾರ ಬೇಸರಪಟ್ಟಿದ್ದರು.

ಆ ಮಳೆಗಾಲ 63 ಪಾರ್ಸೆಲ್ ಹೋದವು. ಒಟ್ಟು 101 ಕಟ್ಟು, ಕಟ್ಟಿಗೆ 25 ಹಪ್ಪಳ, ಬೆಲೆ 90 ರೂಪಾಯಿ. ಅಂಚೆಗೆಂದು ಬೇರೆಯಾಗಿ 70 ರೂಪಾಯಿ ತೆಗೆದುಕೊಳ್ಳುತ್ತಿದ್ದೆವು. ಅಕ್ಕಂದಿರ ಕೂಲಿ, ಗ್ಯಾಸ್, ಉಪ್ಪು, ಮೆಣಸು ಕಳೆದು 4,600 ರೂಪಾಯಿ ಉಳಿದಿದೆ ಎಂದು ಅಮ್ಮನ ಪುಸ್ತಕ ಹೇಳುತ್ತಿತ್ತು. ನನಗಂತೂ ಸ್ಟಾರ್ಟಪ್ ಗೆದ್ದಷ್ಟು ಖುಷಿ.

ದಸರಾ ರಜೆಯಲ್ಲಿ ಅಪ್ಪನ ಮೇಜಿನ ಬಿಸ್ಕತ್ ಡಬ್ಬಿ ತೆರೆದಾಗ ಅಂಚೆಯ ರಸೀದಿಗಳು ಸಿಕ್ಕವು. ಪಾರ್ಸೆಲ್ ಒಯ್ಯುತ್ತಿದ್ದವರು ಅಪ್ಪ. ಹೆಚ್ಚು ಬಿದ್ದಾಗ ಕಿಸೆಯಿಂದ ಕೊಟ್ಟು ಸುಮ್ಮನೆ ಬರುತ್ತಿದ್ದರು. ನಾನು ಕೂತು ಪ್ರತಿ ರಸೀದಿಯನ್ನೂ ಗೂಗಲ್ ಶೀಟ್ಸ್‌ಗೆ ಏರಿಸಿದೆ. ಆಗ ಕಂಡಿತು ನೋಡಿ. ಒಂದು ಕಟ್ಟಿನ ಪಾರ್ಸೆಲ್‌ಗೆ ಬೆಂಗಳೂರಿಗೆ 70, 71 ರೂಪಾಯಿ. ಸರಿಯಾಗಿಯೇ ಇದೆ. ಎರಡು ಕಟ್ಟು ಹಪ್ಪಳದ ತೂಕ 440 ಗ್ರಾಂ. ಅದನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟರೆ 525 ಗ್ರಾಂ! ಸ್ಪೀಡ್ ಪೋಸ್ಟ್‌ನಲ್ಲಿ ಅರ್ಧ ಕಿಲೋ ದಾಟಿದರೆ ಮುಂದಿನ ದರ. ಬರೀ 25 ಗ್ರಾಂಗೆ 35 ರೂಪಾಯಿ ಹೆಚ್ಚು. ಅಂಥ ಪಾರ್ಸೆಲ್ 38 ಇದ್ದವು. ಅಂದರೆ 1,330 ರೂಪಾಯಿ. ಪೆಟ್ಟಿಗೆ ಮತ್ತು ಟೇಪಿನ ಖರ್ಚನ್ನು ಯಾರೂ ಬರೆದೇ ಇರಲಿಲ್ಲ. ಪಾರ್ಸೆಲ್‌ಗೆ 17ರಂತೆ 1,071. ಎರಡೂ ಸೇರಿ 2,401.

ಬೇಸಿಗೆಯಿಡೀ ಒಲೆಯ ಮುಂದೆ ಬೆಂದ ಅಮ್ಮನಿಗೆ ಉಳಿದದ್ದು ಎರಡು ಸಾವಿರದ ಚಿಲ್ಲರೆ. ಅದನ್ನು ಹೇಳುವಾಗ ನನ್ನ ಗಂಟಲು ಒಣಗಿತ್ತು. ಹದಿನೈದು ದಿನ ಕಾರ್ಟ್‌ನ ಬಣ್ಣ ಬದಲಿಸುತ್ತಾ ಕೂತವನು ಒಂದು ತಕ್ಕಡಿ ತಂದು ಪೆಟ್ಟಿಗೆ ಸಮೇತ ತೂಗಿದ್ದರೆ ಸಾಕಿತ್ತು.

ಪರಿಹಾರಕ್ಕೆ ಯಾವ ಅಲ್ಗಾರಿದಂ ಕೂಡ ಬೇಕಾಗಲಿಲ್ಲ. ಕಟ್ಟಿಗೆ 25ರ ಬದಲು 20 ಹಪ್ಪಳ, ಬೆಲೆ 75. ಎರಡು ಕಟ್ಟು ಪೆಟ್ಟಿಗೆ ಸಮೇತ ಅರ್ಧ ಕಿಲೋ ಒಳಗೇ ನಿಂತಿತು.

ಲೆಕ್ಕ ಇಡಲು ಸಿದ್ಧ ಆ್ಯಪ್‌ಗಳು ಬೇಕಾದಷ್ಟಿವೆ. ಖಾತಾಬುಕ್ ಇದೆ, ವ್ಯಾಪಾರ್ ಇದೆ, ಜೋಹೋ ಬುಕ್ಸ್ ಇದೆ. ಬಿಲ್ ಕೊಡಲೇಬೇಕಾದ ವ್ಯವಹಾರವಾದರೆ ಅವುಗಳನ್ನೇ ನೋಡಿ. ವರ್ಷಕ್ಕೆ ನೂರು ಪಾರ್ಸೆಲ್ ಕಳಿಸುವವರಿಗೆ ಶೀಟ್ಸ್ ಸಾಕು ಎಂಬುದು ನನ್ನ ಅಭಿಪ್ರಾಯ. ತೊಂದರೆ ಏನೆಂದರೆ ನಾನಿರುವುದು ಮೂಡುಬಿದಿರೆಯ ಹಾಸ್ಟೆಲ್‌ನಲ್ಲಿ, ಹಪ್ಪಳವಿರುವುದು ನೆರಿಯದಲ್ಲಿ. ಅಮ್ಮ ಫೋನಿನಲ್ಲಿ ಶೀಟ್‌ನ ಚೌಕಗಳನ್ನು ಹಿಗ್ಗಿಸಿ ಬರೆಯುವುದು ಆಗದ ಮಾತು. ಅದಕ್ಕೆ ಗೂಗಲ್ ಫಾರ್ಮ್ ಮಾಡಿದೆ. ಅದರಲ್ಲಿ ತುಂಬಿದ್ದು ತಾನಾಗಿ ಶೀಟ್‌ಗೆ ಹೋಗಿ ಕೂರುತ್ತದೆ. ಮೊದಲು 14 ಪ್ರಶ್ನೆ ಇಟ್ಟಿದ್ದೆ. ಮೂರು ದಿನ ತುಂಬಿದ ಅಮ್ಮ ನಾಲ್ಕನೇ ದಿನ ಪುಸ್ತಕಕ್ಕೇ ವಾಪಸ್. ‘ಜನಗಣತಿಯವರು ಸಹ ಇಷ್ಟು ಕೇಳ್ಲಿಕ್ಕಿಲ್ಲ ಮಗ’ ಎಂದರು. ಈಗ ಇರುವುದು ಆರೇ: ಹೆಸರು, ಊರು, ಎಷ್ಟು ಕಟ್ಟು, ಪೆಟ್ಟಿಗೆ ಸಮೇತ ತೂಕ, ಅಂಚೆಗೆ ಎಷ್ಟಾಯಿತು, ಹಣ ಬಂತಾ. ಎಲ್ಲವೂ ಕನ್ನಡದಲ್ಲಿ. ಹೆಸರು, ಊರನ್ನು ಅಮ್ಮ ಜಿಬೋರ್ಡ್‌ನ ಮೈಕ್ ಒತ್ತಿ ಬಾಯಲ್ಲೇ ಹೇಳುತ್ತಾರೆ. ತೂಕ 500 ದಾಟಿದರೆ ಶೀಟ್‌ನಲ್ಲಿ ಆ ಸಾಲು ಕೆಂಪಾಗುತ್ತದೆ. ಅಮ್ಮನಿಗೆ ಸೂತ್ರ ಗೊತ್ತಿಲ್ಲ, ಕೆಂಪು ಗೊತ್ತು. ಅಂದ ಹಾಗೆ, ಅದರಲ್ಲಿ ಗ್ರಾಹಕರ ಹೆಸರು, ಊರು ಇರುವುದರಿಂದ ‘ಲಿಂಕ್ ಇದ್ದವರೆಲ್ಲ ನೋಡಬಹುದು’ ಎಂಬ ಆಯ್ಕೆ ಒತ್ತಬೇಡಿ.

ಪುಸ್ತಕವನ್ನು ನಾವು ಬಿಟ್ಟಿಲ್ಲ. ಬಿಡುವುದಕ್ಕೂ ಆಗುವುದಿಲ್ಲ. ಮಂಗಳೂರಿನಿಂದ ಹಾಸನ, ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಒಯ್ಯುವ ಪೈಪ್‌ಲೈನಿನ ಪಂಪಿಂಗ್ ಸ್ಟೇಷನ್ ಇರುವುದು ನಮ್ಮ ನೆರಿಯದಲ್ಲಿ. ಪೆಟ್ರೋಲ್ ನಮ್ಮೂರಿನ ಮೇಲೆಯೇ ಘಟ್ಟ ಹತ್ತುತ್ತದೆ. ನೆಟ್‌ವರ್ಕ್‌ಗೆ ಮಾತ್ರ ನಮ್ಮ ಮನೆಯ ಗುಡ್ಡ ಹತ್ತುವುದು ಕಷ್ಟ. ಆಟಿ ತಿಂಗಳಲ್ಲಿ ಕರೆಂಟ್ ಹೋದರೆ ಎರಡು ದಿನ ಮೊಬೈಲೂ ಸುಮ್ಮನೆ. ಆದ್ದರಿಂದ ಹಗಲಿಗೆ ಬೈಂಡ್ ಪುಸ್ತಕ, ಸಿಗ್ನಲ್ ಸಿಕ್ಕಿದ ಹೊತ್ತಿಗೆ ಫಾರ್ಮ್.

ಚೀಟಿಯ ಕತೆ ಬೇರೆ. ಆಹಾರ ಮಾರುವವರು, ಮನೆಯಲ್ಲೇ ಮಾಡುವವರಾದರೂ, ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಬೇಕು. ‘ಫೋಸ್ಕಾಸ್’ ಪೋರ್ಟಲ್‌ನಲ್ಲಿ ನಾವೇ ಅರ್ಜಿ ಹಾಕಬಹುದು. ನಾವು ಮಾಡಿಸುವಾಗ ವರ್ಷಕ್ಕೆ 12 ಲಕ್ಷದೊಳಗಿನ ವಹಿವಾಟಿಗೆ ಶುಲ್ಕ ವರ್ಷಕ್ಕೆ 100 ರೂಪಾಯಿ ಇತ್ತು. ಅಲ್ಲಿ ಸಿಗುವ 14 ಅಂಕಿಯ ಸಂಖ್ಯೆ, ಏನೇನು ಹಾಕಿದ್ದೇವೆ, ತೂಕ, ತಯಾರಿಸಿದ ದಿನ, ಸಸ್ಯಾಹಾರದ ಹಸಿರು ಗುರುತು ಎಲ್ಲ ಚೀಟಿಯಲ್ಲಿರಬೇಕು. ಕ್ಯಾನ್ವಾದಲ್ಲಿ ‘ಬಾಲೂ ತಮ್ಮ’ ಎಂಬ ಚೆಂದದ ಕನ್ನಡ ಅಕ್ಷರ ಆರಿಸಿ ಮಾಡಿದೆ. ಮುದ್ರಿಸಲು ಪೇಟೆಯ ಒಂದು ಕಡೆ ಕೊಟ್ಟೆ. ಅವರು ಪಠ್ಯವನ್ನು ತಮ್ಮ ತಂತ್ರಾಂಶಕ್ಕೆ ಅಂಟಿಸಿಕೊಂಡರು. ಯುನಿಕೋಡ್ ಒತ್ತಕ್ಷರ ಅಲ್ಲಿ ಒಡೆದು ‘ಹಪ್‌ಪಳ’ ಆಗಿ ಇನ್ನೂರು ಚೀಟಿ ಬಂದಿತು. ತಿನ್ನುವ ಮುಂಚೆಯೇ ಮುರಿದ ಹಪ್ಪಳ ಎಂದು ತಮ್ಮ ನಕ್ಕ. ಕನ್ನಡ ಚೀಟಿ ಮಾಡಿಸುವವರು ಪಠ್ಯ ಕೊಡಬೇಡಿ, ಪಿಡಿಎಫ್ ಕೊಡಿ; ಒಂದು ಪ್ರತಿ ಮುದ್ರಿಸಿ ನೋಡಿದ ಮೇಲೆಯೇ ಉಳಿದವಕ್ಕೆ ಹೂಂ ಎನ್ನಿ.

2025ರಲ್ಲಿ ನನಗೆ ಇಂಟರ್ನಲ್ಸ್ ನಡೆಯುತ್ತಿದ್ದ ವಾರ ಯಾರೋ ಆರು ಕಟ್ಟು ಕೇಳಿದರು. ಹಣ ಕಳಿಸಿದ ಸ್ಕ್ರೀನ್‌ಶಾಟ್ ಬಂತು. ಹಸಿರು ಗುರುತು, ಮೊತ್ತ, ದಿನಾಂಕ ಎಲ್ಲ ಸರಿಯಾಗಿತ್ತು. ಅಮ್ಮ ಕಳಿಸಿಬಿಟ್ಟರು. ಖಾತೆಗೆ ಹಣ ಬಂದಿರಲೇ ಇಲ್ಲ. ಆ ನಂಬರ್ ಆಮೇಲೆ ಫೋನ್ ಎತ್ತಲಿಲ್ಲ. ನನಗೆ ಪರೀಕ್ಷೆ ಎಂದು ಅಮ್ಮ ಒಂದು ವಾರ ಹೇಳಲೇ ಇಲ್ಲ. ಹೋದದ್ದು 450 ರೂಪಾಯಿ ಮತ್ತು ಅಂಚೆ ಖರ್ಚು. ಹಣಕ್ಕಿಂತ, ‘ನನ್ನಿಂದ ತಪ್ಪಾಯ್ತು’ ಎಂದು ಅವರು ಮೆಲ್ಲಗೆ ಹೇಳಿದ್ದು ನನಗೆ ಚುಚ್ಚಿತು. ಸ್ಕ್ರೀನ್‌ಶಾಟ್ ನೋಡಬೇಡಿ, ಬ್ಯಾಂಕಿನ ಆ್ಯಪ್ ತೆರೆದು ಖಾತೆ ನೋಡಿ ಎಂದು ಹೇಳಿಕೊಡಬೇಕಾದವನು ನಾನು. ಕ್ಯೂಆರ್ ಕೋಡ್ ಮಾಡಿಕೊಟ್ಟು ಅಷ್ಟಕ್ಕೇ ಕೈ ತೊಳೆದುಕೊಂಡಿದ್ದೆ.

ಅದರ ಬೆನ್ನಿಗೇ ಜುಲೈಯಲ್ಲಿ ಜಿಎಸ್‌ಟಿ ನೋಟಿಸ್‌ಗಳ ಸುದ್ದಿ. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿದ್ದು, ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಎಂದಿದ್ದು, ಅಂಗಡಿಗಳು ‘ಯುಪಿಐ ಇಲ್ಲ, ನಗದು ಮಾತ್ರ’ ಎಂದು ಬೋರ್ಡ್ ಹಾಕಿದ್ದು ನೀವೂ ಓದಿರುತ್ತೀರಿ. ಅಮ್ಮ ರಾತ್ರಿ ಫೋನ್ ಮಾಡಿದರು. ‘ನಮ್ಗೂ ಬರ್ತದಾ? ಬೇಡ ಮಗ, ಇದನ್ನೆಲ್ಲ ನಿಲ್ಲಿಸುವ.’ ಸರಕು ಮಾರುವವರಿಗೆ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ. ನಮ್ಮದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ಸಾಲದ್ದಕ್ಕೆ ಹಪ್ಪಳ ತೆರಿಗೆ ವಿನಾಯಿತಿ ಇರುವ ವಸ್ತು. ಹೀಗೆಂದು ಬಿಡಿಸಿ ಹೇಳಿದರೂ ಅವರ ಹೆದರಿಕೆ ಹೋಗಲಿಲ್ಲ. ಕೊನೆಗೆ ಶೀಟ್ ತೆರೆಯಲು ಹೇಳಿದೆ. ಇಡೀ ವರ್ಷ ಬಂದದ್ದೆಷ್ಟು, ಯಾರಿಂದ, ಯಾವುದಕ್ಕೆ ಎಂದು ಒಂದೊಂದೇ ಸಾಲು ಓದಿದರು. ‘ಇಷ್ಟೇಯಾ!’ ಎಂದರು, ಸ್ವಲ್ಪ ನಿರಾಸೆಯಲ್ಲೇ. ಮರುವಾರ ವ್ಯಾಪಾರಕ್ಕೇ ಎಂದು ಬೇರೆ ಉಳಿತಾಯ ಖಾತೆ ತೆರೆದೆವು. ಬೆಂಗಳೂರಿನ ಅತ್ತೆ ಕಳಿಸುವ ಔಷಧಿಯ ಹಣ ಮತ್ತು ಹಪ್ಪಳದ ಹಣ ಈಗ ಒಂದರೊಳಗೊಂದು ಸೇರುವುದಿಲ್ಲ.

ನಮ್ಮ ತಾಲೂಕಿನವರು ಇನ್ನೊಂದು ಜಾಗ ಮರೆಯಬಾರದು. ಉಜಿರೆಯ ರುಡ್‌ಸೆಟ್ ಸಂಸ್ಥೆ 1982ರಿಂದ ಯುವಜನರಿಗೆ ಉಚಿತವಾಗಿ ಸ್ವಉದ್ಯೋಗ ತರಬೇತಿ ಕೊಡುತ್ತಾ ಬಂದಿದೆ. ಊಟ, ವಸತಿ ಅಲ್ಲಿಯೇ. ದೇಶದ ಎಲ್ಲೆಡೆ ಬ್ಯಾಂಕ್‌ಗಳು ನಡೆಸುವ ಆರ್‌ಸೆಟಿಗಳಿಗೆ ಮಾದರಿ ಇದೇ. ಕೆಲಸ ಹುಡುಕುತ್ತಿರುವ ನನ್ನ ಸೀನಿಯರ್‌ಗಳಿಗೆ ಇದನ್ನು ಹೇಳಿದರೆ ‘ಅದು ನಮಗಲ್ಲ’ ಎನ್ನುತ್ತಾರೆ. ನನಗೂ ಪ್ಲೇಸ್‌ಮೆಂಟ್ ಬೇಕು, ಸುಳ್ಳು ಹೇಳುವುದಿಲ್ಲ. ಆದರೆ ಮೊನ್ನೆ ಸೀನಿಯರ್ ಒಬ್ಬರು ನಡೆಸಿದ ಅಣಕು ಸಂದರ್ಶನದಲ್ಲಿ ‘ನಿನ್ನ ಪ್ರಾಜೆಕ್ಟ್ ಯಾವುದು?’ ಎಂದಾಗ ನಾನು ವೆಬ್‌ಸೈಟ್ ತೋರಿಸಲಿಲ್ಲ. 14 ಪ್ರಶ್ನೆ ಆರಾದ ಕತೆ ಹೇಳಿದೆ. ಅವರು ಹತ್ತು ನಿಮಿಷ ಅದರ ಬಗ್ಗೆಯೇ ಕೇಳಿದರು.

ದೀಪಾವಳಿಗೆ ಮನೆಗೆ ಹೋದಾಗ ಶೀಟ್‌ನ ಬಲಬದಿಯಲ್ಲಿ ನಾನು ಮಾಡದ ಹೊಸ ಕಾಲಂ ಒಂದಿತ್ತು. ‘ಯಾರು ಹೇಳಿ ಬಂದದ್ದು’ ಎಂದು ಅಮ್ಮನೇ ಸೇರಿಸಿಕೊಂಡಿದ್ದರು. ಆ ವರ್ಷದ 88 ಸಾಲುಗಳಲ್ಲಿ 31ರ ಮುಂದೆ ಬೆಂಗಳೂರಿನ ಅತ್ತೆಯ ಹೆಸರು. ಸ್ಟೇಟಸ್ ನೋಡಿ ಬಂದವರು 22. ಅತ್ತೆಗೆ ಈ ಸಲ ಎರಡು ಕಟ್ಟು ಹಾಗೆಯೇ ಕೊಡಬೇಕು ಎಂದು ಅಮ್ಮ ಆಗಲೇ ತೆಗೆದಿಟ್ಟಿದ್ದರು. ನಾನು ಮೆಲ್ಲನೆ ‘ವೆಬ್‌ಸೈಟ್’ ಎಂದು ಹುಡುಕಿದೆ. ಒಂದು ಸಾಲು ಸಿಕ್ಕಿತು. ಅದರ ಮುಂದೆಯೇ ಅಮ್ಮ ಬರೆದಿದ್ದರು: ‘ಮಗನ ರೂಮ್‌ಮೇಟ್.’